ಮಿಕ್ಕ ದಿನಗಳ ಲೆಕ್ಕ

"ಇಪ್ಪತ್ತೇಳು ವಾರ ಅಂದ್ರೆ ಎಷ್ಟು ತಿಂಗಳಾಯ್ತೇ?" ತಾಯಿ ಕೇಳಿದರು.

ಮಗಳಿಗೆ ಅಂದೇ, 2026ರ ಮೇ 9ರ ಶನಿವಾರ, ಇಪ್ಪತ್ತೇಳು ವಾರ ತುಂಬಿತ್ತು. ಷಿಕಾಗೊ ಪಕ್ಕದ ನೇಪರ್‌ವಿಲ್‌ನಿಂದ ಡೆಟ್ರಾಯಿಟ್ ಪಕ್ಕದ ನೋವಾಯ್‌ಗೆ, ಚಿಕ್ಕಮ್ಮನ ಮನೆಗೆ, ಕಾರಿನಲ್ಲಿ ಹೊರಟಿದ್ದರು. ಅಳಿಯ ಕಾರು ಓಡಿಸುತ್ತಿದ್ದ. ಮಾತೆಲ್ಲ ಹಿಂದಿನ ಸೀಟಿನಲ್ಲಿ. ತಾಯಿ ಹಾಸನದವರು, ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಮಗಳು ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಉತ್ಪಾದನೆಯ ಯೋಜನೆ ಹಾಕುವವಳು. ಇಬ್ಬರಿಗೂ ಲೆಕ್ಕವೇ ಕಸುಬು. ಆದರೂ ಈ ಪ್ರಶ್ನೆಗೆ ಇಬ್ಬರ ಉತ್ತರ ಒಂದೇ ಆಗಲಿಲ್ಲ.

"ಆರು ತಿಂಗಳು ತುಂಬಿ ಎಂಟು ದಿನ," ಎಂದಳು ಮಗಳು.

"ಅದು ಹೇಗೆ? ನಾಲ್ಕು ವಾರಕ್ಕೊಂದು ತಿಂಗಳು. ಇಪ್ಪತ್ತೇಳನ್ನ ನಾಲ್ಕರಿಂದ ಭಾಗಿಸಿದ್ರೆ ಆರೂಮುಕ್ಕಾಲು. ಮುಂದಿನ ಶನಿವಾರಕ್ಕೆ ಏಳು ತುಂಬಿ ಎಂಟಕ್ಕೆ ಬೀಳುತ್ತೆ. ಎಂಟರಲ್ಲಿ ಸೀಮಂತ ಮಾಡೋ ಪದ್ಧತಿ ನಮ್ಮ ಮನೇಲಿಲ್ಲ. ಇನ್ನೊಂದೇ ವಾರ ಉಳೀತಲ್ಲಾ ಅಂತ ಬೆಳಗಿಂದ ಅದೇ ಯೋಚನೆ ನಂಗೆ."

"ಅಮ್ಮ, ಸೊಸೈಟೀಲಿ ವರ್ಷಕ್ಕೆ ಎಷ್ಟು ವಾರ ಅಂತ ಬರೀತಿದ್ದೆ?"

"ಐವತ್ತೆರಡು."

"ತಿಂಗಳಿಗೆ ನಾಲ್ಕೇ ಆದ್ರೆ ಹನ್ನೆರಡು ತಿಂಗಳಿಗೆ ನಲವತ್ತೆಂಟು. ಉಳಿದ ನಾಲ್ಕು ವಾರ ಎಲ್ಲಿ ಹೋಯ್ತು?"

ತಾಯಿ ಬೆರಳ ಗೆಣ್ಣು ಎಣಿಸಿದರು. "ಫೆಬ್ರವರಿ ಬಿಟ್ರೆ ಯಾವ ತಿಂಗಳೂ ನಾಲ್ಕು ವಾರಕ್ಕೆ ಮುಗಿಯಲ್ಲ. ಎರಡೋ ಮೂರೋ ದಿನ ಮಿಗುತ್ತೆ."

"ಆ ಮಿಕ್ಕಿದ್ದೆಲ್ಲ ಸೇರಿ ವರ್ಷಕ್ಕೆ ನಾಲ್ಕು ವಾರ, ಮೇಲೊಂದು ದಿನ. ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ."

ಸರಾಸರಿ ತಿಂಗಳಿಗೆ ವಾರಗಳು ನಾಲ್ಕಲ್ಲ, 4.348. ಇದು ಅಂದಾಜಲ್ಲ, ನಾವು ಗೋಡೆಗೆ ತೂಗುಹಾಕುವ ಗ್ರೆಗೋರಿಯನ್ ಕ್ಯಾಲೆಂಡರಿನ ಹುಟ್ಟುಗುಣ. ಆ ಕ್ಯಾಲೆಂಡರು ನಾನೂರು ವರ್ಷಕ್ಕೊಮ್ಮೆ ಒಂದು ಸುತ್ತು ಮುಗಿಸುತ್ತದೆ. ಆ ಸುತ್ತಿನಲ್ಲಿ 1,46,097 ದಿನಗಳಿವೆ. ಏಳರಿಂದ ಭಾಗಿಸಿದರೆ ಶೇಷವಿಲ್ಲದೆ 20,871 ವಾರಗಳು. ಅದೇ ಸುತ್ತಿನಲ್ಲಿರುವ ತಿಂಗಳು 4,800. ವಾರವೂ ತಿಂಗಳೂ ಶೇಷವಿಲ್ಲದೆ ಒಂದಕ್ಕೊಂದು ಕೂಡಿಬರಬೇಕಾದರೆ ನಾನೂರು ವರ್ಷ ಕಾಯಬೇಕು. 2000ದ ಜನವರಿ 1 ಶನಿವಾರವಾಗಿತ್ತು, 2400ರ ಜನವರಿ 1 ಕೂಡ ಶನಿವಾರವೇ. ಅಷ್ಟು ಕಾಯಲಾಗದ ಮನುಷ್ಯ ನಾಲ್ಕರಿಂದ ಭಾಗಿಸಿ ಮುಂದೆ ಹೋಗುತ್ತಾನೆ. ಆದರೆ ಹಾಗೆ ಬಿಟ್ಟುಹೋದ ದಿನಗಳು ಮಾಯವಾಗುವುದಿಲ್ಲ. ಯಾರದೋ ಕೂಲಿಯಲ್ಲಿ, ಯಾರದೋ ರಜೆಯಲ್ಲಿ, ಯಾರದೋ ಬಸಿರಿನಲ್ಲಿ ಅವು ಲೆಕ್ಕಕ್ಕೆ ಬಂದೇ ಬರುತ್ತವೆ.

"ಹಾಗಾದ್ರೆ ನಮ್ಮಮ್ಮ ಹೇಳ್ತಿದ್ದ ಒಂಬತ್ತು ತಿಂಗಳು ಒಂಬತ್ತು ದಿನ ಸುಳ್ಳಾ?"

"ಅಜ್ಜಿ ಲೆಕ್ಕ ಎಷ್ಟು ಕರಾರುವಾಕ್ಕು ನೋಡು. ಡಾಕ್ಟರು ಕೊನೇ ಮುಟ್ಟಿನ ಮೊದಲ ದಿನದಿಂದ ನಲವತ್ತು ವಾರ ಹಿಡೀತಾರೆ, ಇನ್ನೂರ ಎಂಬತ್ತು ದಿನ. ನಂದು ನವೆಂಬರ್ 1. ಅಲ್ಲಿಂದ ಎಣಿಸಿದ್ರೆ ಆಗಸ್ಟ್ 8 ಬರುತ್ತೆ. ಆಗಸ್ಟ್ 1ಕ್ಕೆ ಒಂಬತ್ತು ತಿಂಗಳು, ಮೇಲೆ ಏಳು ದಿನ. ಅಜ್ಜಿಗೂ ಡಾಕ್ಟರಿಗೂ ಎರಡೇ ದಿನದ ವ್ಯತ್ಯಾಸ."

ಹತ್ತೊಂಬತ್ತನೇ ಶತಮಾನದ ಜರ್ಮನ್ ವೈದ್ಯ ಫ್ರಾನ್ಜ್ ನೇಗೆಲೆಯ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರವೂ ಇದನ್ನೇ ಹೇಳುತ್ತದೆ: ಮೊದಲ ದಿನಕ್ಕೆ ಏಳು ದಿನ ಕೂಡಿಸು, ಮೂರು ತಿಂಗಳು ಹಿಂದಕ್ಕೆ ಹೋಗು. ನವೆಂಬರ್ 1 ಇದ್ದದ್ದು 8 ಆಯಿತು, ಮೂರು ತಿಂಗಳು ಹಿಂದೆ ಹೋದರೆ ಆಗಸ್ಟ್ 8. ಎಲ್ಲ ತಿಂಗಳಿಗೂ ಸೂತ್ರ ಒಂದೇ, ಫಲ ಮಾತ್ರ ಒಂದೇ ಅಲ್ಲ. ಮೇ 1ರಿಂದ ಹೊರಟರೆ ಫೆಬ್ರವರಿ 8 ಬರುತ್ತದೆ, ದಿನ ಎಣಿಸಿದರೆ 283. ಮೂವತ್ತೊಂದು ದಿನದ ತಿಂಗಳುಗಳು ದಾರಿಯಲ್ಲಿ ಎಷ್ಟು ಸಿಕ್ಕವು ಎಂಬುದರ ಮೇಲೆ ಈ ಮೂರು ದಿನ ಏರುಪೇರಾಗುತ್ತವೆ. ವೈದ್ಯರು ತಿಂಗಳನ್ನು ಬಿಟ್ಟು ವಾರಕ್ಕೆ ಅಂಟಿಕೊಂಡಿದ್ದು ಇದಕ್ಕಾಗಿಯೇ. ಏಳು ದಿನವೆಂದರೆ ಎಲ್ಲ ಊರಿನಲ್ಲೂ ಏಳೇ ದಿನ. ಮೂವತ್ತೇಳು ವಾರ ತುಂಬುವ ಮೊದಲು ಹುಟ್ಟಿದರೆ ಅವಧಿಗೆ ಮುಂಚಿನ ಮಗು. ಅಂಥ ಗಡಿಯನ್ನು 'ಎಂಟೂವರೆ ತಿಂಗಳು' ಎಂದು ಹೇಳಿದರೆ ತಜ್ಞರಿಗೆ ಏನೂ ಹೇಳಿದಂತಾಗುವುದಿಲ್ಲ.

ಇನ್ನೂ ಒಂದು ತೊಡಕಿದೆ. ನಮ್ಮವರು ತಿಂಗಳನ್ನು ಹೇಳುವಾಗ ನಡೆಯುತ್ತಿರುವ ತಿಂಗಳನ್ನು ಹೇಳುತ್ತಾರೆ: "ಏಳರಲ್ಲಿದ್ದಾಳೆ." ವೈದ್ಯರು ತುಂಬಿದ ವಾರವನ್ನು ಹೇಳುತ್ತಾರೆ. ಆರು ತುಂಬಿದವಳೂ ಏಳರಲ್ಲಿರುವವಳೂ ಒಬ್ಬಳೇ. ಋಗ್ವೇದದ ಐದನೇ ಮಂಡಲದ ಒಂದು ಸೂಕ್ತದಲ್ಲಿ ಮಗು ತಾಯಿಯ ಗರ್ಭದಲ್ಲಿ ಹತ್ತು ತಿಂಗಳು ಇರುತ್ತದೆಂಬ ಮಾತಿದೆ. ಇಪ್ಪತ್ತೆಂಟು ದಿನದ ತಿಂಗಳಾದರೆ ಹತ್ತು ತಿಂಗಳಿಗೆ ಸರಿಯಾಗಿ 280 ದಿನ. ನಡೆಯುವ ತಿಂಗಳನ್ನು ಎಣಿಸಿದರೂ ಒಂಬತ್ತು ತುಂಬಿದ ಮೇಲಿನದು ಹತ್ತನೆಯದೇ. ವೇದದ ಹತ್ತು, ಅಜ್ಜಿಯ ಒಂಬತ್ತು, ಆಸ್ಪತ್ರೆಯ ನಲವತ್ತು, ಮೂರೂ ಒಂದೇ ಅವಧಿಯ ಮಾತು.

"ಅಂದ್ರೆ ಮೇ 31ರ ತನಕ ಏಳನೇ ತಿಂಗಳೇ," ತಾಯಿ ಉಸಿರು ಬಿಟ್ಟರು. ಮರುಕ್ಷಣವೇ, "ಆದ್ರೆ ಮೇ 17ಕ್ಕೆ ಅಧಿಕ ಮಾಸ ಹಿಡಿಯುತ್ತಲ್ಲೇ, ಸೀಮಂತ ಹೇಗೆ ಮಾಡೋದು!"

2026ರಲ್ಲಿ ಜ್ಯೇಷ್ಠ ಎರಡು. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಆಮೇಲೆ ನಿಜ ಜ್ಯೇಷ್ಠ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ, ಸೌರವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಈ ಹನ್ನೊಂದನ್ನು ನಮ್ಮ ಪಂಚಾಂಗ ಮರೆಮಾಚಲಿಲ್ಲ. ಕೂಡಿಡುತ್ತಾ ಬಂದು, ಒಂದು ತಿಂಗಳಷ್ಟಾದಾಗ ಅದಕ್ಕೊಂದು ಹೆಸರು ಕೊಟ್ಟು ವರ್ಷದೊಳಗೆ ಕೂರಿಸಿತು. ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕ ಮಾಸ, ಒಟ್ಟು 235 ಚಾಂದ್ರಮಾಸ. ಮಿಕ್ಕದ್ದನ್ನು ಇಷ್ಟು ಪ್ರಾಮಾಣಿಕವಾಗಿ ಎಲ್ಲರ ಕಣ್ಣೆದುರು ಇಡುವ ಲೆಕ್ಕ ಇನ್ನೊಂದು ಸಿಗುವುದು ಕಷ್ಟ.

ತಾಯಿ ಪಂಚಾಂಗ ಬಾಯಿಗೆ ಬಂದವರು. ಜುಲೈ 1ಕ್ಕೆ ಮಗಳಿಗೆ ಒಂಬತ್ತು ಶುರು, 15ಕ್ಕೆ ಆಷಾಢ. ಸೀಮಂತಕ್ಕೆ ನಡುವೆ ಎರಡು ವಾರ. ಜುಲೈ 4 ಶನಿವಾರ. ಅಂದು ಅಮೆರಿಕ ಸ್ವತಂತ್ರವಾಗಿ 250 ವರ್ಷ, ಹಾಗಾಗಿ ನೆಂಟರಿಷ್ಟರಿಗೆಲ್ಲ ಬಿಡುವು. "ಮೂವತ್ತೈದು ವಾರ ಆಗಿರುತ್ತೆ. ಆಗ ಮಾಡಿದ್ರೆ ನಿಂಗೆ ಕೂರೋಕೆ ಕಷ್ಟ ಆಗಲ್ವಾ?" ಎಂದು ಅವರೇ ವಾರದಲ್ಲಿ ಮಾತಾಡಿದರು. ಕಾಲ ನಿಗದಿಯಾದ ಸಂಸ್ಕಾರಕ್ಕೆ ಅಧಿಕ ಮಾಸ ಅಡ್ಡಿಯಲ್ಲ ಎನ್ನುವ ಪುರೋಹಿತರೂ ಇದ್ದಾರೆ, ಅವರನ್ನೂ ಒಂದು ಮಾತು ಕೇಳೋಣ ಎಂದಾಯಿತು.

ಕಾರು ಇಂಡಿಯಾನಾದ ಗ್ಯಾರಿ ದಾಟಿತು. ಉಕ್ಕಿನ ಕಾರ್ಖಾನೆಗಳನ್ನು ನೋಡುತ್ತಾ ತಾಯಿಗೆ ತಮ್ಮ ತಂದೆಯ ನೆನಪಾಯಿತು. ಅವರು ಸಕಲೇಶಪುರದ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದವರು.

"ಸಂತೆಯ ಹಿಂದಿನ ದಿನ ಬಟವಾಡೆ. ಆಳುಗಳು ಸಾಲಾಗಿ ನಿಲ್ಲೋರು. ವಾರದ ಕೂಲಿ, ವಾರದ ಸಂತೆ, ವಾರದ ಅಕ್ಕಿ. ತಿಂಗಳ ಮಾತೇ ಇರ್ತಿರಲಿಲ್ಲ ಅವರಿಗೆ. ತಿಂಗಳು ಇದ್ದಿದ್ದು ಅಪ್ಪನಂಥ ಸಂಬಳದೋರಿಗೆ."

"ಇಲ್ಲಿ ಎರಡೂ ಅಲ್ಲ, ನಂಗೆ ಎರಡು ವಾರಕ್ಕೊಂದು ಸಂಬಳ. ಮನೆ ಬಾಡಿಗೆ ಮಾತ್ರ ತಿಂಗಳಿಗೆ. ಈ ದೇಶಕ್ಕೆ ಹೊಸದಾಗಿ ಬಂದ ನಮ್ಮ ಹುಡುಗರು ಎಡವೋದು ಅಲ್ಲೇ. ಎರಡು ವಾರಕ್ಕೆ ಎರಡು ಸಾವಿರ ಡಾಲರ್ ಅಂದ್ರೆ ತಿಂಗಳಿಗೆ ನಾಲ್ಕು ಸಾವಿರ ಅಂದ್ಕೋತಾರೆ. ವರ್ಷಕ್ಕೆ ಇಪ್ಪತ್ತಾರು ಸಂಬಳ ಕಣಮ್ಮ. ಇಪ್ಪತ್ತಾರರಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿದ್ರೆ 4,333."

"ಮುನ್ನೂರ ಮೂವತ್ತಮೂರು ಜಾಸ್ತಿ. ಬರೋ ದುಡ್ಡಾದ್ರೆ ಸರಿ. ಕೊಡೋ ದುಡ್ಡಾದ್ರೆ?"

ತಾಯಿ ಕೇಳಿದ ಈ ಪ್ರಶ್ನೆ ತುಂಬ ಮುಖ್ಯವಾದದ್ದು. ಅಮೆರಿಕದಲ್ಲಿ ಮಗುವನ್ನು ನೋಡಿಕೊಳ್ಳುವ ಡೇಕೇರ್‌ಗಳು ಹೆಚ್ಚಾಗಿ ವಾರದ ಲೆಕ್ಕದಲ್ಲಿ ಹಣ ಕೇಳುತ್ತವೆ. ವಾರಕ್ಕೆ 400 ಡಾಲರ್ ಎಂದುಕೊಳ್ಳಿ. ನಾಲ್ಕರಿಂದ ಗುಣಿಸಿದವರು 1,600 ತೆಗೆದಿಡುತ್ತಾರೆ. ನಿಜವಾಗಿ ಬೇಕಾಗುವುದು ತಿಂಗಳ ಸರಾಸರಿಗೆ 1,733. ವರ್ಷಕ್ಕೆ 1,600 ಡಾಲರ್ ಖೋತಾ, ಅಂದರೆ ಅವರದೇ ಲೆಕ್ಕದ ಒಂದು ಇಡೀ ತಿಂಗಳು. ಕರ್ನಾಟಕದ ಹಳ್ಳಿಗಳಲ್ಲಿ ಸಾಲದ ಕಂತನ್ನು ವಾರವಾರ ಕಟ್ಟುವ ಹೆಂಗಸರಿಗೂ ಇದೇ ಪಾಡು. ತಿಂಗಳಿಗೆ ನಾಲ್ಕು ಕಂತು ಎಂದು ಮನಸ್ಸಿನಲ್ಲಿಟ್ಟುಕೊಂಡವಳಿಗೆ ಐದು ಬಾರಿ ಕಟ್ಟಬೇಕಾದ ತಿಂಗಳು ಬಂದಾಗ ಕೈ ಕಟ್ಟಿಹೋಗುತ್ತದೆ. ವಾರದ ಮೊತ್ತವನ್ನು ತಿಂಗಳಿಗೆ ತರಬೇಕಾದರೆ 52ರಿಂದ ಗುಣಿಸಿ 12ರಿಂದ ಭಾಗಿಸಬೇಕು ಎಂಬ ಒಂದು ಸಾಲನ್ನು ಸಂಘದ ಸಭೆಯಲ್ಲಿ ಹೇಳಿಕೊಟ್ಟರೆ ಬಡವರ ಮನೆಗಳಲ್ಲಿ ಎಷ್ಟೋ ಸಂಕಟ ತಪ್ಪೀತು.

"ಎರಡು ವಾರದ ಸಂಬಳ ಅಂದ್ಯಲ್ಲ," ತಾಯಿ ಅಂದರು, "ಅದು ನಮ್ಮ ಮಳೆ ಲೆಕ್ಕದ ಹಾಗೇ ಇದೆ. ಈಗ ಭರಣಿ ಮಳೆ ನಡೀತಿದೆ. 11ಕ್ಕೆ ಕೃತ್ತಿಕೆ, 25ಕ್ಕೆ ರೋಹಿಣಿ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ."

ಸೂರ್ಯ ಇಪ್ಪತ್ತೇಳು ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುತ್ತಾನೆ; ಒಂದೊಂದಕ್ಕೆ ಸರಾಸರಿ ಹದಿಮೂರೂವರೆ ದಿನ. ರೈತ ಬಿತ್ತುವುದು, ಸಸಿಮಡಿ ಹಾಕುವುದು, ನಾಟಿ ಮಾಡುವುದು ಈ ಲೆಕ್ಕದಲ್ಲಿ, ತಿಂಗಳ ಲೆಕ್ಕದಲ್ಲಲ್ಲ. ಷಿಕಾಗೊದ ಕಂಪನಿ ವರ್ಷವನ್ನು ಇಪ್ಪತ್ತಾರು ತುಂಡು ಮಾಡಿತು, ಹಾಸನದ ರೈತ ಇಪ್ಪತ್ತೇಳು ಮಾಡಿದ. ಕೆಲಸಕ್ಕೆ ತಿಂಗಳು ದೊಡ್ಡದಾಯಿತು, ವಾರ ಚಿಕ್ಕದಾಯಿತು ಎಂಬ ಅನುಭವ ಎರಡು ಕಡೆಯೂ ಇದ್ದಿರಬೇಕು.

ಮಿಷಿಗನ್ ಗಡಿ ದಾಟುತ್ತಿದ್ದಂತೆ ಮಗಳ ಫೋನಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಜಿಗಿಯಿತು. ಇಂಡಿಯಾನಾದ ವಾಯವ್ಯ ಮೂಲೆ ಷಿಕಾಗೊದ ಸೆಂಟ್ರಲ್ ವೇಳೆಯಲ್ಲಿದೆ. ಗಡಿಯಾಚೆಯ ನ್ಯೂ ಬಫೆಲೊ ಡೆಟ್ರಾಯಿಟ್‌ನ ಈಸ್ಟರ್ನ್ ವೇಳೆಯಲ್ಲಿ.

"ಒಂದು ಗಂಟೆ ಹೋಯ್ತಾ?" ತಾಯಿ ಬೆರಗಾದರು. "ಹಾಸನಕ್ಕೆ ಈಗ ಹತ್ತೂವರೆ ಗಂಟೆ ವ್ಯತ್ಯಾಸ ಅಂತಿದ್ದೆ."

"ಅದೀಗ ಒಂಬತ್ತೂವರೆ ಆಯ್ತು. ಅಮ್ಮ, ಈ ಗಂಟೆಗಳನ್ನ ಹಂಚಿದ್ದೇ ಷಿಕಾಗೊದಲ್ಲಿ. ಅದಕ್ಕೂ ಮುಂಚೆ ಒಂದೊಂದು ಊರಿಗೆ ಒಂದೊಂದು ಮಧ್ಯಾಹ್ನ."

1883ರ ಅಕ್ಟೋಬರ್ 11ರಂದು ಅಮೆರಿಕದ ರೈಲ್ವೆ ಕಂಪನಿಗಳ ಪ್ರತಿನಿಧಿಗಳು ಷಿಕಾಗೊದ ಗ್ರ್ಯಾಂಡ್ ಪೆಸಿಫಿಕ್ ಹೋಟೆಲಿನಲ್ಲಿ ಸೇರಿದ್ದರು. ಆಗ ರೈಲ್ವೆಗಳು ಬಳಸುತ್ತಿದ್ದ ವೇಳೆಗಳು ಐವತ್ತರ ಆಸುಪಾಸು. ಕಾರ್ಯದರ್ಶಿ ವಿಲಿಯಂ ಅಲನ್ ಮುಂದಿಟ್ಟ ಯೋಜನೆಯಂತೆ ಇಡೀ ದೇಶಕ್ಕೆ ಒಂದೊಂದು ಗಂಟೆ ಅಂತರದ ನಾಲ್ಕು ವಲಯಗಳು ಸಾಕೆಂದು ತೀರ್ಮಾನವಾಯಿತು. ಅದು ಜಾರಿಗೆ ಬಂದದ್ದು ನವೆಂಬರ್ 18, ಭಾನುವಾರ. ಷಿಕಾಗೊದಲ್ಲಿ ಸೂರ್ಯ ಹೇಳಿದ ಮಧ್ಯಾಹ್ನ ಒಮ್ಮೆ ಆಯಿತು; ಗಡಿಯಾರಗಳನ್ನು ಒಂಬತ್ತೂವರೆ ನಿಮಿಷ ತಡೆದು ಹಿಡಿದ ಮೇಲೆ ರೈಲ್ವೆಯ ಮಧ್ಯಾಹ್ನ ಇನ್ನೊಮ್ಮೆ ಆಯಿತು. ಇದಕ್ಕೆ ಸಂಸತ್ತಿನ ಕಾಯಿದೆಯ ಬಲ ಬಂದದ್ದು 1918ರ ಮಾರ್ಚಿನಲ್ಲಿ. ಮೂವತ್ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ದೇಶದ ಗಡಿಯಾರ ನಡೆದದ್ದು ಖಾಸಗಿ ಕಂಪನಿಗಳ ಒಪ್ಪಂದದ ಮೇಲೆ.

ಡೆಟ್ರಾಯಿಟ್ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ಆ ಊರಿನ ಸೂರ್ಯ ಸೆಂಟ್ರಲ್ ವೇಳೆಗಿಂತ 28 ನಿಮಿಷ ಮುಂದೆ. 1900ರಲ್ಲಿ ನಗರಸಭೆ ಗಡಿಯಾರಗಳನ್ನು 28 ನಿಮಿಷ ಹಿಂದಕ್ಕೆ ತಿರುಗಿಸಿ ಎಂದು ಆಜ್ಞೆ ಹೊರಡಿಸಿತು. ಅರ್ಧ ಊರು ತಿರುಗಿಸಿತು, ಇನ್ನರ್ಧ ಒಲ್ಲೆ ಎಂದಿತು. ವಾದವಿವಾದವಾಗಿ ಆಜ್ಞೆ ವಾಪಸಾಯಿತು, ಊರು ಸೂರ್ಯನ ವೇಳೆಗೇ ಮರಳಿತು. 1905ರಲ್ಲಿ ಜನರ ಮತದಿಂದ ಸೆಂಟ್ರಲ್ ವೇಳೆ ಬಂತು. ಹತ್ತು ವರ್ಷ ಕಳೆದು, 1915ರಲ್ಲಿ, ಅದನ್ನೂ ಬಿಟ್ಟು ಈಸ್ಟರ್ನ್ ವೇಳೆಗೆ ಹೋದರು.

"ಇಪ್ಪತ್ತೆಂಟು ನಿಮಿಷ ಅಂದ್ರೆ ಒಂದು ಗಳಿಗೆ ಹತ್ತು ವಿಗಳಿಗೆ," ತಾಯಿ ಥಟ್ಟನೆ ಹೇಳಿದರು. ಗಳಿಗೆಗೆ 24 ನಿಮಿಷ, ವಿಗಳಿಗೆಗೆ 24 ಸೆಕೆಂಡು. ಅರವತ್ತು ಗಳಿಗೆಗೆ ಒಂದು ದಿನ. "ಅಷ್ಟಕ್ಕೆ ಊರೇ ಎರಡಾಯ್ತಾ?"

"ಮುಂಬಯಿ ಇನ್ನೂ ಹೆಚ್ಚು ಹಟ ಮಾಡ್ತು. 1906ರಲ್ಲಿ ಭಾರತಕ್ಕೆಲ್ಲ ಒಂದೇ ವೇಳೆ ಬಂದಾಗ ಅವರ ಗಡಿಯಾರ 39 ನಿಮಿಷ ಮುಂದೆ ಹೋಗ್ಬೇಕಿತ್ತು. 1955ರ ತನಕ ನಗರಸಭೆ ಬಾಂಬೆ ಟೈಮ್ ಬಿಡಲಿಲ್ಲ. ನಮ್ಮ ಹಾಸನದ ಸೂರ್ಯನೂ ಭಾರತದ ಗಡಿಯಾರಕ್ಕಿಂತ ಸುಮಾರು 26 ನಿಮಿಷ ಹಿಂದೆ ಇದ್ದಾನೆ. ನಮ್ಮವರು ಜಗಳ ಆಡಲಿಲ್ಲ ಅಷ್ಟೆ."

ಡೆಟ್ರಾಯಿಟ್‌ನವರ ಹಟವನ್ನು ಹಳೆಯ ಕಾಲದ ಮೊಂಡುತನವೆಂದು ತಳ್ಳಿಹಾಕುವುದು ಸರಿಯಲ್ಲ. ಕೆಲಸಕ್ಕೆ ಏಳುವ ಹೊತ್ತು, ಅಂಗಡಿ ಮುಚ್ಚುವ ಹೊತ್ತು, ಬೆಳಕಿರುವಾಗ ಮನೆ ಸೇರುವ ಹೊತ್ತು, ಎಲ್ಲವೂ ಆ 28 ನಿಮಿಷದೊಳಗಿದ್ದವು. ಇಂದಿಗೂ ಮೇ ತಿಂಗಳಲ್ಲಿ ಅಲ್ಲಿ ಸೂರ್ಯ ನೆತ್ತಿಗೇರುವುದು ಗಡಿಯಾರದಲ್ಲಿ ಒಂದೂವರೆ ಗಂಟೆಯಾಗುವ ಹೊತ್ತಿಗೆ. ತಾಯಿಗೆ ಇದು ತಕ್ಷಣ ಕೆಲಸಕ್ಕೆ ಬಂತು. ಶನಿವಾರದ ರಾಹುಕಾಲ ಒಂಬತ್ತರಿಂದ ಹತ್ತೂವರೆ ಎಂಬ ಕ್ಯಾಲೆಂಡರಿನ ಪಟ್ಟಿ ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ನಾಡಿನದು. ರಾಹುಕಾಲವೆಂದರೆ ಹಗಲಿನ ಎಂಟನೇ ಒಂದು ಭಾಗ. ಅಂದು ನೇಪರ್‌ವಿಲ್‌ನಲ್ಲಿ ಹಗಲು ಹದಿನಾಲ್ಕು ಗಂಟೆ ಇಪ್ಪತ್ತು ನಿಮಿಷ ದಾಟಿತ್ತು. ರಾಹುಕಾಲ ಒಂಬತ್ತೂ ಹತ್ತರ ಸುಮಾರಿಗೆ ಹಿಡಿದು ಹನ್ನೊಂದರವರೆಗೆ ಇತ್ತು. ಷಿಕಾಗೊದಲ್ಲಿ ಜೂನಿನ ದೀರ್ಘ ಹಗಲಿನಂದು ಅದು 114 ನಿಮಿಷಕ್ಕೆ ಹಿಗ್ಗುತ್ತದೆ, ಡಿಸೆಂಬರಿನಲ್ಲಿ 69ಕ್ಕೆ ಕುಗ್ಗುತ್ತದೆ. ಊರಿನಿಂದ ತಂದ ಕ್ಯಾಲೆಂಡರನ್ನು ಇಲ್ಲಿ ನೋಡಿದರೆ ಪ್ರಯೋಜನವಿಲ್ಲ. ಆಯಾ ಊರಿನ ಅಕ್ಷಾಂಶ ರೇಖಾಂಶಕ್ಕೆ ಗುಣಿಸಿದ ಪಂಚಾಂಗವೇ ಬೇಕು.

ತಿಥಿಯ ಮಾತು ಬೇರೆ. ಅದು ಚಂದ್ರ ಸೂರ್ಯರ ನಡುವಿನ ಕೋನ, ಭೂಮಿಯ ಮೇಲೆಲ್ಲ ಒಂದೇ ಕ್ಷಣಕ್ಕೆ ಮುಗಿಯುತ್ತದೆ. ಮೇ 16ರ ಶನಿವಾರದ ಅಮಾವಾಸ್ಯೆ ಷಿಕಾಗೊದವರಿಗೆ ಮಧ್ಯಾಹ್ನ ಮೂರಕ್ಕೆ ಮುಗಿದರೆ, ಹಾಸನದವರಿಗೆ ಅದೇ ಕ್ಷಣ ರಾತ್ರಿ ಒಂದೂವರೆ, ತಾರೀಖು 17. ಏಕಾದಶಿ ಒಮ್ಮೊಮ್ಮೆ ಅಮೆರಿಕದಲ್ಲಿ ಒಂದು ದಿನ ಮೊದಲೇ ಬರುವುದು ಇದರಿಂದಲೇ.

ಡೆಟ್ರಾಯಿಟ್ ಹತ್ತಿರವಾಗುತ್ತಿತ್ತು. ಮಗಳಿಗೆ ಇದು ಕಸುಬಿನ ಊರು. ಅವಳ ಕಂಪನಿಯ ಮಾಲು ಹೋಗುವುದೇ ಇಲ್ಲಿಗೆ.

"ನಮ್ಮಲ್ಲಿ ತಿಂಗಳೇ ಇಲ್ಲಮ್ಮ. ಇದು ಹತ್ತೊಂಬತ್ತನೇ ವಾರ. ಇಂಥ ಭಾಗ ಇಪ್ಪತ್ತೊಂದನೇ ವಾರಕ್ಕೆ ಬೇಕು ಅಂತ ಬರುತ್ತೆ. ಸೋಮವಾರದಿಂದ ಭಾನುವಾರ ಒಂದು ವಾರ, ವರ್ಷದ ಮೊದಲ ಗುರುವಾರ ಯಾವ ವಾರದಲ್ಲಿದೆಯೋ ಅದೇ ಒಂದನೇ ವಾರ. ಈ ವರ್ಷ ಗುರುವಾರವೇ ಶುರುವಾಯ್ತಲ್ಲ, ಅದಕ್ಕೆ ಐವತ್ತಮೂರು ವಾರ."

"ನೋಡು, ವಾರಕ್ಕೂ ಅಧಿಕ ಬಂತು!" ಎಂದರು ತಾಯಿ.

ವಾರ, ದಿನ, ಗಂಟೆಗಳ ಬೆಲೆ ಕಟ್ಟುವ ಕೆಲಸ ಷಿಕಾಗೊ, ಡೆಟ್ರಾಯಿಟ್ ಎಂಬ ಈ ಎರಡು ಊರುಗಳಲ್ಲಿ ನಡೆದಷ್ಟು ತೀವ್ರವಾಗಿ ಬೇರೆ ಕಡೆ ನಡೆದದ್ದು ವಿರಳ. 1886ರ ಮೇ 1ರಿಂದ ಷಿಕಾಗೊದ ಕಾರ್ಮಿಕರು ದಿನಕ್ಕೆ ಎಂಟೇ ಗಂಟೆಯ ಕೆಲಸ ಕೇಳಿ ಬೀದಿಗಿಳಿದರು. ನಾಲ್ಕನೇ ತಾರೀಖು ಹೇಮಾರ್ಕೆಟ್‌ನಲ್ಲಿ ಬಾಂಬು ಸಿಡಿದು ರಕ್ತ ಹರಿಯಿತು. ಭಾರತದಲ್ಲಿ ಮೊದಲ ಮೇ ದಿನ ಆಚರಿಸಿದ್ದು 1923ರಲ್ಲಿ, ಮದ್ರಾಸಿನಲ್ಲಿ, ಸಿಂಗಾರವೇಲು ಅವರ ಮುಂದಾಳತ್ವದಲ್ಲಿ. ಕರ್ನಾಟಕದ ಕಚೇರಿಗಳಿಗೆ ಇಂದು ಮೇ 1 ರಜೆ, ಹೋರಾಟ ನಡೆದ ಷಿಕಾಗೊಗೆ ಇಲ್ಲ. ಅಲ್ಲಿಯ ಕಾರ್ಮಿಕ ದಿನ ಸೆಪ್ಟೆಂಬರಿನ ಮೊದಲ ಸೋಮವಾರ.

ಡೆಟ್ರಾಯಿಟ್ ಒಡಲಲ್ಲೇ ಇರುವ ಹೈಲ್ಯಾಂಡ್ ಪಾರ್ಕ್‌ನ ಫೋರ್ಡ್ ಕಾರ್ಖಾನೆಯಲ್ಲಿ 1913ರಲ್ಲಿ ಚಲಿಸುವ ಜೋಡಣೆ ಸಾಲು ಬಂತು. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಕಾರಿನ ಜೋಡಣೆ 93 ನಿಮಿಷಕ್ಕಿಳಿಯಿತು. ಒಂದೇ ಕೆಲಸವನ್ನು ದಿನವಿಡೀ ಮಾಡಲಾರದೆ ಜನ ಬಿಟ್ಟುಹೋಗತೊಡಗಿದಾಗ, 1914ರ ಜನವರಿಯಲ್ಲಿ ದಿನಕ್ಕೆ ಐದು ಡಾಲರ್, ಎಂಟು ಗಂಟೆ ಎಂದು ಫೋರ್ಡ್ ಘೋಷಿಸಿದ. ಆ ಐದರಲ್ಲಿ ಒಂದು ಪಾಲು ಕೂಲಿ, ಇನ್ನೊಂದು ಪಾಲು ಲಾಭದ ಹಂಚಿಕೆ. ಮನೆ ಹೇಗಿಟ್ಟಿದ್ದಾನೆ, ಕುಡಿಯುತ್ತಾನೋ ಇಲ್ಲವೋ ಎಂದು ಕಂಪನಿಯವರು ಬಂದು ನೋಡಿದ ಮೇಲೆ ಸಿಗುವಂಥದ್ದು. 1926ರಲ್ಲಿ ವಾರಕ್ಕೆ ಐದೇ ದಿನದ ಕೆಲಸ ಬಂತು. ಉಳಿಸಿದ ಗಂಟೆಗಳಲ್ಲಿ ಕಾರ್ಮಿಕನಿಗೂ ಒಂದು ಪಾಲು ಸಿಕ್ಕಿದ್ದು ಅವನು ಬಿಟ್ಟುಹೋಗುವ ಧೈರ್ಯ ತೋರಿಸಿದ್ದರಿಂದ. ಶನಿವಾರ ಬಿಡುವಿರುವ ಎಲ್ಲರೂ ನೆನೆಯಬೇಕಾದ ವಿಷಯ ಇದು.

"ನಿಂಗೆ ಹೆರಿಗೆ ರಜೆ ಎಷ್ಟು?" ತಾಯಿ ಕೇಳಿದರು. "ಮೂರು ತಿಂಗಳು ಅಂದಿದ್ದೆ."

"ಹನ್ನೆರಡು ವಾರ. ಮೂರು ತಿಂಗಳಲ್ಲ."

1993ರ ಫೆಡರಲ್ ಕಾಯಿದೆ ಕೊಡುವುದು ಹನ್ನೆರಡು ವಾರದ ರಜೆ. ಅದೂ ಸಂಬಳವಿಲ್ಲದೆ, ಐವತ್ತಕ್ಕೆ ಕಡಿಮೆಯಿಲ್ಲದಷ್ಟು ನೌಕರರಿರುವ ಕಡೆ. ಭಾರತದಲ್ಲಿ 2017ರ ತಿದ್ದುಪಡಿ ಹನ್ನೆರಡು ವಾರವನ್ನು ಇಪ್ಪತ್ತಾರಕ್ಕೆ ಏರಿಸಿತು, ಸಂಬಳ ಸಹಿತ. ಇಪ್ಪತ್ತಾರು ವಾರವೆಂದರೆ 182 ದಿನ. ಕೇಂದ್ರ ಸರ್ಕಾರದ ನೌಕರರಿಗೆ ಇರುವುದು 180 ದಿನ. ಎರಡನ್ನೂ ಜನ 'ಆರು ತಿಂಗಳು' ಎನ್ನುತ್ತಾರೆ. ಆರು ತಿಂಗಳಿಗೆ 181 ದಿನವೂ ಇರಬಹುದು, 184 ದಿನವೂ ಇರಬಹುದು.

ಮಗಳು ಫೋನಿನಲ್ಲಿ ದಿನಗಳನ್ನು ಎಣಿಸಿದಳು. ಆಗಸ್ಟ್ 8ಕ್ಕೆ ಹೆರಿಗೆಯಾದರೆ ಹನ್ನೆರಡು ವಾರ ಮುಗಿಯುವುದು ಅಕ್ಟೋಬರ್ 30ರ ಶುಕ್ರವಾರ. ಮೂರು ತಿಂಗಳಾಗಿದ್ದರೆ ನವೆಂಬರ್ 7ರವರೆಗೆ ಸಿಗುತ್ತಿತ್ತು. ಎಂಟು ದಿನದ ಅಂತರ. ಹಸುಗೂಸಿನ ತಾಯಿಗೆ ಎಂಟು ದಿನ ಸಣ್ಣದಲ್ಲ.

"ನಾನು ಇರ್ತೀನಲ್ಲ. ನಂಗೆ ಆರು ತಿಂಗಳು ಕೊಟ್ಟಿದ್ದಾರೆ."

"ನೀನು ಬಂದಿದ್ದು ಏಪ್ರಿಲ್ 25. ಇಲ್ಲಿರೋ ಗಡುವು ಬರೆದ ನಿನ್ನ ಐ-94 ದಾಖಲೇಲಿ ಇರೋದು ಅಕ್ಟೋಬರ್ 24. ತಿಂಗಳು ವಾರ ಏನೂ ನೋಡೋ ಹಾಗಿಲ್ಲ, ಆ ತಾರೀಖು ದಾಟಬಾರದು ಅಷ್ಟೆ. ನೀನು ಹೋಗಿ ಆರು ದಿನಕ್ಕೆ ನನ್ನ ರಜೆ ಮುಗಿಯುತ್ತೆ."

"ಅಂದ್ರೆ ಬಾಣಂತನಕ್ಕೆ ಸಿಗೋದು..." ತಾಯಿ ಎಣಿಸಿದರು, "ಹನ್ನೊಂದು ವಾರ. ನಲವತ್ತು ದಿನದ ನೀರು, ಪಥ್ಯ ಎಲ್ಲಾ ಆಗುತ್ತೆ. ಆಮೇಲೆ ಮಗು ಯಾರ ಹತ್ರ?"

ಮುಂದಿನ ಸೀಟಿನಿಂದ ಅಳಿಯ ಮೊದಲ ಬಾರಿಗೆ ಬಾಯಿ ತೆರೆದ. ತನಗೂ ಅದೇ ಕಾಯಿದೆಯ ಹನ್ನೆರಡು ವಾರ ಇದೆ, ನವೆಂಬರ್ 2ರ ಸೋಮವಾರದಿಂದ ತಾನು ರಜೆ ಹಾಕುವುದು ಎಂದ. ತಾಯಿ ಅದಕ್ಕೆ ಕೂಡಲೇ ಒಪ್ಪಿದರು. ತಂದೆಯಾದವನು ರಜೆ ಹಾಕಿ ಮಗು ನೋಡುವುದನ್ನು ಅವರ ಮನೆಯಲ್ಲಿ ಹಿಂದೆ ಯಾರೂ ಕಂಡಿರಲಿಲ್ಲ.

"ಚುಚ್ಚುಮದ್ದಿಗೆ ಕರ್ಕೊಂಡು ಹೋಗೋಕೆ ಯಾರಾದ್ರೂ ಇರ್ಬೇಕು. ನಿನ್ನ ಅತ್ತಿಗೆ ಮಗುಗೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಹಾಕಿಸಿದ್ವಿ."

"ಅದೂ ನಾಲ್ಕರ ಲೆಕ್ಕವೇ ಅಮ್ಮ."

ಅದು ನಿಜ. ಭಾರತದ ಲಸಿಕಾ ಪಟ್ಟಿ ಹೇಳುವುದು 6, 10, 14 ವಾರ. ನಾಲ್ಕರಿಂದ ಭಾಗಿಸಿ ನಮ್ಮ ಊರುಗಳಲ್ಲಿ ಅದನ್ನು ಒಂದೂವರೆ, ಎರಡೂವರೆ, ಮೂರೂವರೆ ತಿಂಗಳು ಮಾಡಿಕೊಂಡಿದ್ದಾರೆ. ಆರು ವಾರಕ್ಕೂ ಒಂದೂವರೆ ತಿಂಗಳಿಗೂ ಮೂರ್ನಾಲ್ಕು ದಿನದ ವ್ಯತ್ಯಾಸ. ಹದಿನಾಲ್ಕು ವಾರ 98 ದಿನವಾದರೆ ಮೂರೂವರೆ ತಿಂಗಳು ಸುಮಾರು 106. ತಪ್ಪು ಬೆಳೆಯುತ್ತಾ ಹೋಗುತ್ತದೆ. ಇದರಿಂದ ಮಗುವಿಗೆ ಕೇಡಾಗದಿರುವುದಕ್ಕೆ ಕಾರಣ ಆಶಾ ಕಾರ್ಯಕರ್ತೆಯರು. ಅವರು ತಾಯಿ ಕಾರ್ಡಿನಲ್ಲಿ ವಾರವನ್ನೂ ತಿಂಗಳನ್ನೂ ನಂಬದೆ ತಾರೀಖನ್ನೇ ಬರೆದುಕೊಡುತ್ತಾರೆ, ಆ ದಿನ ಮನೆ ಬಾಗಿಲಿಗೆ ಬಂದು ನೆನಪಿಸುತ್ತಾರೆ.

"ಇಲ್ಲಿ ಡಿಫ್ತೀರಿಯಾ, ನಾಯಿಕೆಮ್ಮು, ಧನುರ್ವಾಯುದು ಎರಡು, ನಾಲ್ಕು, ಆರು ತಿಂಗಳಿಗೆ," ಮಗಳು ಹೇಳಿದಳು. "ಅಕ್ಟೋಬರ್ 8, ಡಿಸೆಂಬರ್ 8, ಫೆಬ್ರವರಿ 8."

"ಹಾಸನದಲ್ಲಾಗಿದ್ರೆ ಸೆಪ್ಟೆಂಬರ್ 19, ಅಕ್ಟೋಬರ್ 17, ನವೆಂಬರ್ 14. ಇಲ್ಲಿಯ ಎರಡನೇದು ಬರೋ ಹೊತ್ತಿಗೆ ಅಲ್ಲಿ ಮೂರೂ ಮುಗಿದಿರ್ತಿತ್ತು." ತಾಯಿ ಕೈಚೀಲದಿಂದ ಸಣ್ಣ ಪುಸ್ತಕ ತೆಗೆದು ಮಗಳು ಹೇಳಿದ ಮೂರೂ ತಾರೀಖು ಬರೆದುಕೊಂಡರು. "ಮೊದಲನೇದಕ್ಕೆ ನಾನೇ ಇರ್ತೀನಿ. ಎರಡನೇದಕ್ಕೆ ಫೋನಿನಲ್ಲಿ ತೋರಿಸು. ನೇಪರ್‌ವಿಲ್‌ನಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಹೋದ್ರೆ ನಮಗೆ ರಾತ್ರಿ ಎಂಟೂವರೆ ಅಲ್ವಾ?"

"ಎಂಟೂವರೆ ಅಲ್ಲ, ಒಂಬತ್ತೂವರೆ. ನವೆಂಬರ್ 1ಕ್ಕೆ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ."

ತಾಯಿ ಎಂಟೂವರೆ ಹೊಡೆದುಹಾಕಿ ಒಂಬತ್ತೂವರೆ ಎಂದು ತಿದ್ದಿದರು.